ಬ್ಯಾಲೆನ್ಸ್ ಬಂತು, ಇನ್ನು ರೋಡಿಗೆ ಬಿಡಬಹುದಾ? ಬಳ್ಳಾರಿ ಟ್ರಾಫಿಕ್‌ನಲ್ಲಿ ಮಕ್ಕಳಿಗೆ ಸೈಕಲ್ ಕಲಿಸುವ ಸಮಗ್ರ ಮಾರ್ಗದರ್ಶಿ

ಮೇ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಓಣಿಯಲ್ಲಿ ಈ ಮಾತು ಕೇಳಿಬರುತ್ತದೆ: "ನಮ್ಮ ಹುಡುಗ ಸೈಕಲ್ ಕಲ್ತ. ಈ ವರ್ಷ ಶಾಲೆಗೆ ಸೈಕಲ್ ಮೇಲೇ ಹೋಗ್ತಾನೆ." ಜೂನ್ ಮಧ್ಯಕ್ಕೆ ಅದೇ ಸೈಕಲ್ ಗೋಡೆಗೆ ಒರಗಿ ಧೂಳು ತಿನ್ನುತ್ತಿರುತ್ತದೆ. ಕೇಳಿದರೆ, ಆಟೋ ತಾಗಿತು, ಮಗು ಹೆದರಿತು, ಬೇಡ ಅಂತ ಬಿಟ್ಟೆವು ಅನ್ನುತ್ತಾರೆ. ಇನ್ನು ಕೆಲವರು ಹದಿಮೂರರ ಹುಡುಗನ ಕೈಗೆ ಸ್ಕೂಟಿ ಕೊಟ್ಟುಬಿಡುತ್ತಾರೆ. 2019ರ ಕಾನೂನು ತಿದ್ದುಪಡಿ ಆದಮೇಲೆ ಅದಕ್ಕೆ ತಂದೆ ತಾಯಿಗೇ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು.

ಬ್ಯಾಲೆನ್ಸ್ ಬಂದ ದಿನಕ್ಕೂ ರೋಡಿಗೆ ಬಿಡುವ ದಿನಕ್ಕೂ ನಡುವೆ ಕಲಿಸಬೇಕಾದ ಪಾಠಗಳಿವೆ. ಅವನ್ನೇ ನಾವು ಬಿಟ್ಟುಬಿಡುತ್ತೇವೆ. ಅದರಲ್ಲೂ ಒಂದು ಪಾಠವನ್ನು ಯಾರೂ ಕಲಿಸಿದ್ದನ್ನು ನಾನು ಕಂಡಿಲ್ಲ: ಸೈಕಲ್ ನೇರ ಹೋಗುತ್ತಿರುವಾಗಲೇ ಹಿಂದೆ ತಿರುಗಿ ನೋಡುವುದು. ನನ್ನ ಮಗಳಿಗೆ, ಅಕ್ಕನ ಮಗನಿಗೆ, ಓಣಿಯ ಕೆಲವು ಮಕ್ಕಳಿಗೆ ಕಲಿಸುತ್ತಾ, ಕೆಲವು ಸಲ ಕೆಟ್ಟದಾಗಿ ಕಲಿಸಿ, ಆಮೇಲೆ ಗೊತ್ತಾದ ಕ್ರಮ ಕೆಳಗಿದೆ. ಕ್ರಮ ಮಾತ್ರ ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡುವ ಮುಂಚೆ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಶುರುವಾಗುತ್ತದೆ. ಆರು ವಾರ ಸಿಗುತ್ತದೆ, ಸಾಕು. ಆದರೆ ಬಳ್ಳಾರಿ ಬಿಸಿಲು ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ 6ಕ್ಕೆ ಹೊರಟು ಏಳೂವರೆಗೆ ಮನೆಗೆ ಬನ್ನಿ. ಸಂಜೆ ಕತ್ತಲಾಗುವ ಹೊತ್ತು ಬೇಡ. ದಿನಕ್ಕೆ 40 ನಿಮಿಷಕ್ಕಿಂತ ಜಾಸ್ತಿ ಮಾಡಿದರೆ ಮಗುವಿಗೂ ನಿಮಗೂ ಸಿಟ್ಟು ಬರುತ್ತದೆ.

ವಯಸ್ಸಿನ ಬಗ್ಗೆ ನನ್ನ ಲೆಕ್ಕ ಹೀಗೆ. ಬ್ಯಾಲೆನ್ಸ್ ಐದು ವರ್ಷಕ್ಕೇ ಕಲಿಸಬಹುದು. ಹತ್ತು ತುಂಬುವ ತನಕ ಟ್ರಾಫಿಕ್‌ಗೆ ಒಬ್ಬರನ್ನೇ ಬಿಡಬೇಡಿ. ಸಣ್ಣ ಮಕ್ಕಳಿಗೆ ಗಾಡಿ ಕಾಣುತ್ತದೆ, ಅದರ ವೇಗ ತಿಳಿಯುವುದಿಲ್ಲ. ದೊಡ್ಡ ರೋಡಿಗೆ ಹನ್ನೆರಡು ದಾಟಲಿ.

ಬೇಕಾಗುವ ಸಾಮಾನು: 15 ನಂಬರ್ ಪಾನಾ, ಸೀಟು ಇಳಿಸುವ ಪಾನಾ, ಗಾಳಿ ಪಂಪು, ಒಂದು ಕೆ.ಜಿ. ಸುಣ್ಣದ ಪುಡಿ, ನಾಲ್ಕು ಖಾಲಿ ನೀರಿನ ಬಾಟಲಿ, ಮಗುವಿನ ಅಳತೆಯ ಹೆಲ್ಮೆಟ್. ಅಪ್ಪನ ಬೈಕ್ ಹೆಲ್ಮೆಟ್ ನಡೆಯುವುದಿಲ್ಲ, ಭಾರಕ್ಕೆ ಕುತ್ತಿಗೆಯೇ ತಿರುಗುವುದಿಲ್ಲ. ತೂತುಗಳಿರುವ ಸೈಕಲ್ ಹೆಲ್ಮೆಟ್ ತನ್ನಿ. ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಕೂರಬೇಕು, ಗದ್ದದ ಪಟ್ಟಿಯೊಳಗೆ ಎರಡು ಬೆರಳು ಮಾತ್ರ ತೂರಬೇಕು. ಟೋಪಿ ಥರ ಹಿಂದಕ್ಕೆ ಸರಿಸಿ ಹಾಕಿದರೆ ಹಾಕದ ಹಾಗೆಯೇ.

ಹಂತ 1: ಮೊದಲು ಸೈಕಲ್ ಸರಿ ಮಾಡಿ

"ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಅಂತ ಯೂನಿಫಾರ್ಮ್ ತಂದ ಹಾಗೆ ಸೈಕಲ್ ತರುತ್ತಾರೆ. ಇಲ್ಲಿಂದಲೇ ತಪ್ಪು ಶುರು. ಸೈಕಲ್ಲಿನ ನಡುವಿನ ದಂಡದ ಎರಡೂ ಕಡೆ ಕಾಲಿಟ್ಟು ನಿಂತರೆ ದಂಡಕ್ಕೂ ಮೈಗೂ ನಡುವೆ ಎರಡು ಇಂಚಾದರೂ ಜಾಗ ಇರಬೇಕು. ಆರರಿಂದ ಒಂಬತ್ತು ವರ್ಷಕ್ಕೆ ಸಾಮಾನ್ಯವಾಗಿ 20 ಇಂಚಿನ ಚಕ್ರ ಸಾಕು. ಅದಾದ ಮೇಲೆ 24.

ಬ್ರೇಕ್ ಲಿವರ್‌ಗೆ ಮಗುವಿನ ಬೆರಳು ಎಟುಕುತ್ತಾ ನೋಡಿ. ಎಷ್ಟೋ ಲಿವರ್‌ಗಳ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಯಾವ ಕೈಯ ಬ್ರೇಕ್ ಯಾವ ಚಕ್ರ ಹಿಡಿಯುತ್ತದೆ ಅಂತ ಮಗುವೇ ಚಕ್ರ ಎತ್ತಿ ತಿರುಗಿಸಿ ನೋಡಲಿ. ಬ್ರೇಕ್ ರಬ್ಬರಿನ ಗೀರುಗಳು ಸವೆದು ನುಣ್ಣಗಾಗಿದ್ದರೆ ಬದಲಿಸಿ. ಬೆಲ್ಲು ಬೇಕೇ ಬೇಕು. ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ.

ಸೈಡ್ ಚಕ್ರ ತೆಗೆದುಬಿಡಿ. ಅದು ಬ್ಯಾಲೆನ್ಸ್ ಕಲಿಸುವುದಿಲ್ಲ, ಬಾಗದೆ ತಿರುಗುವ ಕೆಟ್ಟ ಅಭ್ಯಾಸ ಕಲಿಸುತ್ತದೆ.

ಹಂತ 2: ಪೆಡಲ್ ಬಿಚ್ಚಿ ಬ್ಯಾಲೆನ್ಸ್

ಬ್ಯಾಲೆನ್ಸ್ ಈಗಾಗಲೇ ಬಂದಿದ್ದರೆ ಇದನ್ನು ಬಿಟ್ಟು ಮುಂದೆ ಹೋಗಿ.

ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿ. ಪೆಡಲ್ ಎರಡೂ ಬಿಚ್ಚಿ. ಎಡ ಪೆಡಲ್‌ನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಜೋರು ಮಾಡಿ ಮರೆ ಹಾಳು ಮಾಡಿಕೊಂಡವರು ಬಹಳ ಜನ. ಮಗು ಕಾಲಿನಿಂದ ನೆಲ ಒದ್ದುಕೊಂಡು ಹೋಗಲಿ. ಎರಡೂ ಕಾಲೆತ್ತಿ ಹತ್ತು ಎಣಿಸುವ ತನಕ ತೇಲಿದರೆ ಪೆಡಲ್ ವಾಪಸ್ ಹಾಕಿ. ಹೆಚ್ಚಿನ ಮಕ್ಕಳಿಗೆ ನಾಲ್ಕೈದು ದಿನ ಸಾಕು. ನೀವು ಕ್ಯಾರಿಯರ್ ಹಿಡಿದು ಹಿಂದೆ ಓಡಬೇಡಿ. ನಿಮ್ಮ ಸೊಂಟ ಹೋಗುತ್ತದೆ, ಮಗು ನಿಮ್ಮ ಬ್ಯಾಲೆನ್ಸ್ ಮೇಲೆ ನಡೆಯುತ್ತಿರುತ್ತದೆ.

ಹಂತ 3: ನಿಲ್ಲಿಸುವುದು

ಓಡಿಸುವುದಕ್ಕಿಂತ ಇದಕ್ಕೆ ಜಾಸ್ತಿ ದಿನ ಕೊಡಿ. ಮುನ್ಸಿಪಲ್ ಮೈದಾನದಂಥ ಬಯಲು ಸಿಕ್ಕರೆ ಒಳ್ಳೆಯದು. ಶಾಲೆಯ ಆವರಣವೂ ಸಾಕು.

ಸುಣ್ಣದಿಂದ ಒಂದು ಅಡ್ಡ ಗೆರೆ ಎಳೆಯಿರಿ. ಅಲ್ಲಿಂದ ಎರಡು ಸೈಕಲ್ ಉದ್ದದಷ್ಟು ದೂರದಲ್ಲಿ ಇನ್ನೊಂದು. ಮಗು ಸಾಧಾರಣ ವೇಗದಲ್ಲಿ ಬಂದು, ಮೊದಲ ಗೆರೆಯಲ್ಲಿ ಬ್ರೇಕ್ ಹಿಡಿದು, ಎರಡನೆಯದರ ಒಳಗೆ ನಿಲ್ಲಬೇಕು. ಎರಡೂ ಬ್ರೇಕ್ ಒಟ್ಟಿಗೆ, ಹಿಂಡಬೇಕೇ ಹೊರತು ಗಪ್ಪನೆ ಎಳೆಯಬಾರದು. ಮುಂದಿನದನ್ನಷ್ಟೇ ಗಪ್ಪನೆ ಎಳೆದರೆ ಹಿಂದಿನ ಚಕ್ರ ಎದ್ದು ಮಗು ಹ್ಯಾಂಡಲ್ ಮೇಲಿಂದ ಬೀಳುತ್ತದೆ. ಮರಳು, ಜಲ್ಲಿ ಇದ್ದ ಕಡೆ ಹಿಂದಿನದಕ್ಕೆ ಜಾಸ್ತಿ ಒತ್ತು. ನಿಂತ ಮೇಲೆ ಎಡಗಾಲು ನೆಲಕ್ಕೆ. ಬಲಗಾಲು ಇಟ್ಟರೆ ಮೈ ರೋಡಿನ ಕಡೆ ವಾಲುತ್ತದೆ.

ಚಪ್ಪಲಿ ಉಜ್ಜಿ ಸೈಕಲ್ ನಿಲ್ಲಿಸುವ ಮಗು ಇನ್ನೂ ಈ ಹಂತದಲ್ಲೇ ಇದೆ ಅಂತ ತಿಳಿಯಿರಿ. ಶೂ ಹಾಕಿಸಿ. ಲೇಸು ಒಳಗೆ ಸಿಕ್ಕಿಸಿ. ಚೈನು ಬಲಗಡೆ ಇರುವುದರಿಂದ ಪ್ಯಾಂಟಿನ ಬಲಗಾಲಿಗೆ ಒಂದು ರಬ್ಬರ್ ಬ್ಯಾಂಡ್. ಹೆಣ್ಣುಮಕ್ಕಳು ವೇಲನ್ನು ಹಿಂದೆ ಗಂಟು ಹಾಕಿಕೊಳ್ಳಬೇಕು.

ಹಂತ 4: ಹಿಂದೆ ತಿರುಗಿ ನೋಡುವುದು

ಇದೇ ಬಾಗಿಲು. ಇದು ಬರದೆ ರೋಡಿಗೆ ಇಳಿಸಬೇಡಿ.

ಎರಡು ವರ್ಷದ ಹಿಂದೆ ಅಕ್ಕನ ಮಗನನ್ನು ಸಿರುಗುಪ್ಪ ರೋಡಿಗೆ ಕರೆದುಕೊಂಡು ಹೋಗಿದ್ದೆ. ಅವನು ಮುಂದೆ, ನಾನು ಹಿಂದೆ ಬೈಕಿನಲ್ಲಿ. ಎಡಬದಿಯಲ್ಲಿ ಚೆನ್ನಾಗಿಯೇ ಹೋಗುತ್ತಿದ್ದ. ಹಿಂದಿನಿಂದ ನೀರಿನ ಟ್ಯಾಂಕರ್ ಬರುವುದು ಕಂಡು ನಾನು "ಏ, ಹುಷಾರು!" ಅಂತ ಕೂಗಿದೆ. ಅವನು "ಏನ್ ಮಾಮಾ?" ಅಂತ ಬಲಕ್ಕೆ ತಿರುಗಿದ. ತಲೆ ತಿರುಗಿತು, ಹೆಗಲು ತಿರುಗಿತು, ಹೆಗಲಿನ ಜೊತೆ ಹ್ಯಾಂಡಲ್ಲೂ ತಿರುಗಿತು. ಸೈಕಲ್ ಸೀದಾ ರೋಡಿನ ನಡುವಕ್ಕೆ. ಟ್ಯಾಂಕರ್ ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಹುಡುಗ ಉಳಿದ. ಆ ಡ್ರೈವರ್ ಬೈದದ್ದು ನನ್ನನ್ನು, ಸರಿಯಾಗೇ ಬೈದ.

ಅಂದಿನಿಂದ ಹಿಂದಿನಿಂದ ಹೆಸರು ಹಿಡಿದು ಕೂಗುವುದನ್ನು ನಿಲ್ಲಿಸಿದ್ದೇನೆ. ಎರಡೇ ಮಾತು: "ಎಡ", "ನಿಲ್ಲು". ಈ ಎರಡಕ್ಕೂ ತಿರುಗಿ ನೋಡದೆ ಹೇಳಿದ್ದು ಮಾಡಬೇಕು ಅಂತ ಮೈದಾನದಲ್ಲೇ ರೂಢಿ ಮಾಡಿಸಿ.

ಅಭ್ಯಾಸ ಹೀಗೆ. ಸುಣ್ಣದಿಂದ ಎರಡು ಉದ್ದ ಗೆರೆ, ನಡುವೆ ಒಂದು ಮೊಳ ಅಗಲ, ಇಪ್ಪತ್ತು ಹೆಜ್ಜೆ ಉದ್ದ. ಮಗು ಅದರೊಳಗೆ ಹೋಗಬೇಕು. ನೀವು ಶುರುವಿನಲ್ಲೇ ನಿಂತು, ಅರ್ಧ ದಾರಿಗೆ ಹೋದಾಗ ಚಪ್ಪಾಳೆ ತಟ್ಟಿ ಕೈ ಬೆರಳು ತೋರಿಸಿ. ಮಗು ಬಲ ಹೆಗಲ ಮೇಲಿಂದ ಹಿಂದೆ ನೋಡಿ ಎಷ್ಟು ಬೆರಳು ಅಂತ ಕೂಗಿ ಹೇಳಬೇಕು. ಗೆರೆ ದಾಟಬಾರದು.

ಮೊದಲ ದಿನ ಎಲ್ಲರೂ ಗೆರೆ ದಾಟುತ್ತಾರೆ. ಉಪಾಯ ಇದೆ: ನೋಡುವ ಮುಂಚೆ ಪೆಡಲ್ ನಿಲ್ಲಿಸಿ ತೇಲಬೇಕು, ಮೊಣಕೈ ಸಡಿಲ ಇರಬೇಕು, ಗದ್ದ ಹೆಗಲಿಗೆ ತಾಗಿಸಬೇಕು. ಹಾಗೂ ಬರದಿದ್ದರೆ ಬಲಗೈ ಹ್ಯಾಂಡಲ್‌ನಿಂದ ತೆಗೆದು ತೊಡೆ ಮೇಲೆ ಇಟ್ಟು ತಿರುಗಲಿ. ಕೈ ಬಿಟ್ಟರೆ ಮೈ ತಿರುಗಿದರೂ ಹ್ಯಾಂಡಲ್ ಎಳೆಯುವುದಿಲ್ಲ. ಒಂದು ಕೈಯಲ್ಲಿ ನೇರ ಹೋಗಲು ಬಾರದ ಮಗುವಿಗೆ ಅದನ್ನೇ ಮೊದಲು ಕಲಿಸಿ.

ನನ್ನ ಮಗಳು ಮೂರನೇ ದಿನಕ್ಕೇ ಹತ್ತಕ್ಕೆ ಹತ್ತು ಸರಿ ಹೇಳತೊಡಗಿದಳು. ಖುಷಿಯಾಯಿತು. ಆಮೇಲೆ ಗೊತ್ತಾಯಿತು, ನಾನು ಪ್ರತಿ ಸಲ ಮೂರೇ ಬೆರಳು ತೋರಿಸುತ್ತಿದ್ದೆ. ಅವಳು ತಿರುಗಿ ನೋಡಿದ ಹಾಗೆ ಮಾಡಿ "ಮೂರು!" ಅನ್ನುತ್ತಿದ್ದಳು. ಬೆರಳು ಬದಲಿಸುತ್ತಾ ಇರಿ. ಹತ್ತರಲ್ಲಿ ಒಂಬತ್ತು ಸಲ ಗೆರೆಯೊಳಗೇ ಉಳಿದು ಸರಿಯಾಗಿ ಹೇಳಿದರೆ, ಅದೂ ಎರಡು ದಿನ ಬಿಟ್ಟು ಕೇಳಿದರೂ ಹೇಳಿದರೆ, ಮುಂದಿನ ಹಂತ.

ಹಂತ 5: ಕೈ ಸನ್ನೆ, ಗುಂಡಿ ತಪ್ಪಿಸುವುದು

ಬಲಕ್ಕೆ ಬಲಗೈ, ಎಡಕ್ಕೆ ಎಡಗೈ, ಹೆಗಲ ಮಟ್ಟಕ್ಕೆ ಚಾಚಬೇಕು. ಕ್ರಮ: ಹಿಂದೆ ನೋಡು, ಕೈ ತೋರಿಸು, ಮತ್ತೆ ನೋಡು, ಆಮೇಲೆ ಆ ಕಡೆಗೆ ಸರಿ. ಕೈ ತೋರಿಸಿದರೆ ಹಿಂದಿನವರು ನಿಲ್ಲುತ್ತಾರೆ ಅಂತ ಮಗು ನಂಬಿಬಿಡುತ್ತದೆ. ನಮ್ಮೂರಲ್ಲಿ ಯಾರೂ ನಿಲ್ಲುವುದಿಲ್ಲ ಅಂತ ಈಗಲೇ ಹೇಳಿಬಿಡಿ. ತಿರುಗುವ ಕ್ಷಣದಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿರಬೇಕು.

ನೀರಿನ ಬಾಟಲಿಗಳನ್ನು ಗುಂಡಿ ಅಂತ ಇಟ್ಟು, ಅವುಗಳ ಹತ್ತಿರ ಬರುವ ಮುಂಚೆಯೇ ಹಿಂದೆ ನೋಡುವ ಅಭ್ಯಾಸ ಮಾಡಿಸಿ. ಗುಂಡಿ ಕಂಡ ತಕ್ಷಣ ಬಲಕ್ಕೆ ಎಳೆಯುವುದೇ ಮಕ್ಕಳ ದೊಡ್ಡ ಅಪಾಯ. ನೋಡಲು ಹೊತ್ತಿಲ್ಲ ಅಂದರೆ ಬ್ರೇಕ್ ಹಿಡಿದು ನಿಧಾನಕ್ಕೆ ಗುಂಡಿಯೊಳಗೇ ಇಳಿಯಲಿ. ಚಕ್ರ ಬಾಗಿದರೆ ಬಾಗಲಿ.

ಹಂತ 6: ಕಟ್ಟೆ ಮೇಲೆ ಕೂತು ರೋಡು ನೋಡುವುದು

ಸೈಕಲ್ ಮನೆಯಲ್ಲೇ ಬಿಡಿ. ಮಗುವನ್ನು ಕರೆದುಕೊಂಡು ರೋಡಿನ ಪಕ್ಕದ ಯಾವುದಾದರೂ ಕಟ್ಟೆ ಮೇಲೆ ಅರ್ಧ ಗಂಟೆ ಕೂತುಕೊಳ್ಳಿ. ಸುಮ್ನೆ ಕೂರುವುದಲ್ಲ, ಒಂದು ಆಟ ಆಡಿ. ದೂರದ ಬಸ್ಸು, ಹತ್ತಿರದ ಸ್ಕೂಟಿ, ಎರಡರಲ್ಲಿ ಯಾವುದು ಮೊದಲು ಆ ಲೈಟು ಕಂಬ ಮುಟ್ಟುತ್ತದೆ? ಮೊದಲು ಹೇಳಲಿ, ಆಮೇಲೆ ನೋಡಲಿ. ಶುರುವಿನಲ್ಲಿ ಅರ್ಧಕ್ಕರ್ಧ ತಪ್ಪುತ್ತದೆ. ಅವರಿಗೆ ದೊಡ್ಡ ಗಾಡಿ ನಿಧಾನ, ಸಣ್ಣ ಗಾಡಿ ಜೋರು ಅನ್ನಿಸುತ್ತದೆ.

ಲೆಕ್ಕವನ್ನೂ ಹೇಳಿ. ಗಂಟೆಗೆ 40 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಬರುತ್ತದೆ. ನಿಂತ ಸೈಕಲ್ ಹೊರಟು ರೋಡು ದಾಟಲು ಐದು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಬೈಕು 55 ಮೀಟರ್ ಬಂದಿರುತ್ತದೆ. ಆ 55 ಮೀಟರನ್ನು ಹೆಜ್ಜೆ ಹಾಕಿ ನಡೆದು ತೋರಿಸಿ. "ಅಷ್ಟ್ ದೂರಾ?" ಅಂತ ಬಾಯಿ ಬಿಡುತ್ತಾರೆ.

ಕಿವಿ ನಂಬಬಾರದು ಅಂತಲೂ ಹೇಳಿ. ಬ್ಯಾಟರಿ ಆಟೋ, ಬ್ಯಾಟರಿ ಸ್ಕೂಟರ್ ಸದ್ದೇ ಮಾಡುವುದಿಲ್ಲ.

ಹಂತ 7: ಓಣಿಯಿಂದ ಸಣ್ಣ ರೋಡಿಗೆ

ಭಾನುವಾರ ಬೆಳಿಗ್ಗೆ ಶುರು ಮಾಡಿ. ಗಾಂಧಿನಗರ, ಪಾರ್ವತಿ ನಗರದಂಥ ಬಡಾವಣೆಯ ಒಳರೋಡುಗಳು ಆ ಹೊತ್ತಿಗೆ ಖಾಲಿ ಇರುತ್ತವೆ. ನೀವೂ ಸೈಕಲ್ ಮೇಲೇ ಇರಿ, ಬೈಕ್ ಬೇಡ. ಮಗುವಿನ ಹಿಂದೆ, ಸ್ವಲ್ಪ ಬಲಕ್ಕೆ. ಆಗ ಹಿಂದಿನಿಂದ ಬರುವವರು ನಿಮ್ಮನ್ನು ಸುತ್ತಿಕೊಂಡು ಹೋಗುತ್ತಾರೆ. ಮುಂದೆ ಹೋದರೆ ಮಗು ನಿಮ್ಮ ಚಕ್ರವನ್ನಷ್ಟೇ ನೋಡುತ್ತದೆ.

ಎಡಕ್ಕೆ ಇರಬೇಕು, ಆದರೆ ತೀರಾ ಅಂಚಿಗೆ ಬೇಡ. ಅಂಚಿನಲ್ಲಿ ಮರಳು, ಗಾಜು, ಚರಂಡಿ ಕಲ್ಲು ಎಲ್ಲಾ ಇರುತ್ತವೆ. ಅಂಚಿನಿಂದ ಎರಡು ಅಡಿ ಬಿಡಲಿ. ನಿಂತ ಕಾರು, ಆಟೋಗಳಿಂದ ಒಂದು ಮೀಟರ್ ದೂರ. ಕಾರಿನ ಬಾಗಿಲು ಯಾವಾಗ ತೆರೆಯುತ್ತದೆ ಅಂತ ಹೇಳಲಾಗದು. ಒಳಗೆ ತಲೆ ಕಂಡರೆ ಬೆಲ್ಲು ಹೊಡೆದು ನಿಧಾನ ಮಾಡಲಿ. ಓಣಿಯಿಂದ ರೋಡಿಗೆ ಸೇರುವ ಜಾಗದಲ್ಲಿ ಪ್ರತಿ ಸಲ ಕಾಲು ನೆಲಕ್ಕೆ ಇಡಬೇಕು, ಖಾಲಿ ಇದ್ದರೂ.

ರಾಂಗ್ ಸೈಡ್ ಒಂದು ರೋಗ. ಡಿವೈಡರ್ ಸುತ್ತಿ ಬರಲು ಬೇಸರ ಅಂತ ನಾವೇ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ರಾಂಗ್ ಸೈಡಲ್ಲಿ ಹೋಗುತ್ತೇವೆ. ಅವರು ಅದನ್ನೇ ಕಲಿಯುತ್ತಾರೆ. ಹತ್ತಿರದ ಅಂಗಡಿ ಆ ಕಡೆಯೇ ಇದ್ದರೆ ಇಳಿದು ತಳ್ಳಿಕೊಂಡು ಹೋಗಲಿ.

ಬ್ಯಾಗು ಬೆನ್ನಿಗೆ ಅಥವಾ ಕ್ಯಾರಿಯರ್‌ಗೆ. ಟಿಫಿನ್ ಚೀಲ ಹ್ಯಾಂಡಲ್‌ಗೆ ತೂಗಿದರೆ ತಿರುಗುವಾಗ ಅದು ಎಳೆಯುತ್ತದೆ. ಡಬಲ್ ಸವಾರಿ ಈ ವರ್ಷ ಬೇಡವೇ ಬೇಡ.

ಹಂತ 8: ಲಾರಿ, ಟ್ರ್ಯಾಕ್ಟರ್, ಬಸ್ಸು

ನಮ್ಮ ಕಡೆ ಇದಕ್ಕೆ ಬೇರೆ ಪಾಠವೇ ಬೇಕು. ಹೊಸಪೇಟೆ ರೋಡಿನಲ್ಲಿ ತೋರಣಗಲ್ಲು ಕಡೆಯ ಲಾರಿಗಳು, ಸಿರುಗುಪ್ಪ ರೋಡಿನಲ್ಲಿ ಭತ್ತದ ಟ್ರ್ಯಾಕ್ಟರ್‌ಗಳು. ಹೆದ್ದಾರಿಗೆ ಮಕ್ಕಳ ಸೈಕಲ್ ಬೇಡ, ಅದರಲ್ಲಿ ಮಾತಿಲ್ಲ. ಊರೊಳಗೆ ಇವು ಎದುರಾದಾಗ ಏನು ಮಾಡಬೇಕು ಅಂತ ಹೇಳುತ್ತಿದ್ದೇನೆ.

ನಿಂತ ಲಾರಿಯ ಎಡಬದಿಯಿಂದ ಮುಂದಕ್ಕೆ ನುಗ್ಗಬಾರದು. ಅಲ್ಲಿ ಮಗು ಇದೆ ಅಂತ ಡ್ರೈವರ್‌ಗೆ ಕಾಣುವುದೇ ಇಲ್ಲ. ಪರಿಚಯದ ಯಾರದಾದರೂ ಲಾರಿ ನಿಂತಿದ್ದರೆ ಮಗುವನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನೀವು ಎಡ ಬಾಗಿಲ ಕೆಳಗೆ ನಿಲ್ಲಿ. "ಅಪ್ಪ, ನೀನೆಲ್ಲಿ?" ಅಂತ ಕೇಳಿದ ಮೇಲೆ ಬೇರೆ ಪಾಠ ಬೇಕಾಗುವುದಿಲ್ಲ.

ಟ್ರೈಲರ್ ತಿರುಗುವಾಗ ಮುಂದಿನ ಚಕ್ರದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಟ್ರ್ಯಾಕ್ಟರ್ ಎಡಕ್ಕೆ ತಿರುಗುತ್ತಿದ್ದರೆ ಹಿಂದೆಯೇ ನಿಲ್ಲಬೇಕು. ಹತ್ತಿ, ಹುಲ್ಲು ತುಂಬಿದ್ದರೆ ಲೋಡು ಎರಡೂ ಕಡೆ ಚಾಚಿರುತ್ತದೆ. ಹಿಂದೆ ಲೈಟೂ ಇರುವುದಿಲ್ಲ.

ಜೋರು ಹಾರ್ನ್ ಕೇಳಿದರೆ ಮಾಡಬೇಕಾದ್ದು ಒಂದೇ: ಇದ್ದ ಗೆರೆಯಲ್ಲೇ ನೇರ ಹೋಗುವುದು. ಇದನ್ನು ಮೈದಾನದಲ್ಲಿ ನಿಮ್ಮ ಬೈಕಿನ ಹಾರ್ನ್ ಹೊಡೆದೇ ಅಭ್ಯಾಸ ಮಾಡಿಸಿ.

ಹಂತ 9: ಸರ್ಕಲ್, ಬಲಕ್ಕೆ ತಿರುಗುವುದು

ರಾಯಲ್ ಸರ್ಕಲ್‌ನಲ್ಲಿ (ಬೋರ್ಡಿನ ಮೇಲೆ ಗಡಿಗಿ ಚನ್ನಪ್ಪ ಸರ್ಕಲ್, ಬಾಯಲ್ಲಿ ಇನ್ನೂ ರಾಯಲ್ಲೇ), ಮೋತಿ ಸರ್ಕಲ್‌ನಲ್ಲಿ ದೊಡ್ಡವರೇ ತಡಬಡಿಸುತ್ತಾರೆ. ಮಕ್ಕಳಿಗೆ ನಾನು ಕಲಿಸುವುದು ಎರಡು ಸಲ ದಾಟುವ ಪದ್ಧತಿ. ಬಲಕ್ಕೆ ಹೋಗಬೇಕಾದರೂ ಎಡಬದಿಯಲ್ಲೇ ನೇರ ಹೋಗಿ ಆ ಕಡೆ ನಿಲ್ಲಿಸುವುದು. ಇಳಿದು, ಜನ ದಾಟುವ ಹೊತ್ತಿಗೆ ಜನರ ಜೊತೆ ತಳ್ಳಿಕೊಂಡು ದಾಟುವುದು. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಹುಡುಗರಿಗೆ ಇಳಿದು ತಳ್ಳುವುದು ನಾಚಿಕೆ. ನೀವೂ ಇಳಿದು ತಳ್ಳಿದರೆ ನಾಚಿಕೆ ಹೋಗುತ್ತದೆ.

ರೈಲ್ವೆ ಹಳಿಯನ್ನು ನೆಟ್ಟಗೆ ಅಡ್ಡಲಾಗಿ ದಾಟಬೇಕು. ಓರೆಯಾಗಿ ಹೋದರೆ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ದುರ್ಗಮ್ಮ ಗುಡಿ ಅಂಡರ್‌ಬ್ರಿಡ್ಜ್‌ನಲ್ಲಿ ಮಳೆ ನೀರು ನಿಂತಿದ್ದರೆ ಸೈಕಲ್ ಇಳಿಸಲೇಬಾರದು, ಕೆಳಗೆ ಏನಿದೆ ಅಂತ ಕಾಣುವುದಿಲ್ಲ.

ಮುಳ್ಳು, ಮಣ್ಣು, ನಾಯಿ

ಊರಿನ ಹೆಸರನ್ನೇ ಇಟ್ಟುಕೊಂಡ ಬಳ್ಳಾರಿ ಜಾಲಿ ಟೈರನ್ನು ಸುಲಭವಾಗಿ ತೂರುತ್ತದೆ. ಟ್ಯೂಬಿಗೆ ಪಂಚರ್ ಹಾಕಿಸಿದರೂ ಮುಳ್ಳಿನ ತುದಿ ಟೈರಿನೊಳಗೇ ಮುರಿದು ಉಳಿದಿದ್ದರೆ ನಾಳೆ ಮತ್ತೆ ಪಂಚರ್. ಟೈರಿನ ಒಳಗೆ ಬಟ್ಟೆ ಆಡಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಗಾಳಿ ಕಡಿಮೆ ಇದ್ದಾಗ ಮಗು ಸೈಕಲ್ ಓಡಿಸದೆ ತಳ್ಳಿಕೊಂಡು ಬರಬೇಕು, ತಿರುವಿನಲ್ಲಿ ಚಕ್ರ ಜಾರುತ್ತದೆ.

ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿ ಬೇಡ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಚಕ್ರವೇ ನಿಂತುಬಿಡುತ್ತದೆ. ಒದ್ದೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮುಂಚೆಯೇ ಹಿಂಡಲು ಹೇಳಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬಾರದು. ನಿಲ್ಲಿಸಿ, ಇಳಿದು, ಸೈಕಲ್ ನಡುವೆ ಇಟ್ಟುಕೊಂಡು ನಿಲ್ಲಬೇಕು. ಹೆಚ್ಚಿನ ನಾಯಿಗಳಿಗೆ ಆಗ ಆಸಕ್ತಿ ಹೋಗುತ್ತದೆ.

ಇನ್ನೂ ಬಿಡಬೇಡಿ ಅನ್ನುವ ಗುರುತುಗಳು

ಮುಂದಿನ ಚಕ್ರವನ್ನೇ ನೋಡಿಕೊಂಡು ಹೋಗುವುದು. ಹಾರ್ನ್‌ಗೆ ಹ್ಯಾಂಡಲ್ ಅಲುಗುವುದು. "ನೋಡ್ದೆ, ನೋಡ್ದೆ" ಅನ್ನುವುದು, ಆದರೆ ಹಿಂದೆ ಬಂದದ್ದು ಆಟೋನಾ ಬಸ್ಸಾ ಅಂತ ಕೇಳಿದರೆ ಉತ್ತರ ಇಲ್ಲದಿರುವುದು. ಗೆಳೆಯ ಸಿಕ್ಕ ತಕ್ಷಣ ಪಕ್ಕಪಕ್ಕ ಹೋಗುತ್ತಾ ರೇಸ್ ಹಚ್ಚುವುದು. ಈ ಕೊನೆಯದು ಎಲ್ಲಾ ಬಂದ ಮಕ್ಕಳಲ್ಲೂ ಇರುತ್ತದೆ, ಅದಕ್ಕೆ ಗೆಳೆಯನ ಮನೆಯವರ ಜೊತೆಯೂ ಮಾತಾಡಿ. ಇವುಗಳಲ್ಲಿ ಒಂದು ಕಂಡರೂ ಒಂದು ಹಂತ ಹಿಂದಕ್ಕೆ ಹೋಗಿ.

ಹಂತ 10: ಒಬ್ಬರೇ ಹೋಗುವುದು

ಶಾಲೆಯ ದಾರಿ ಒಂದೇ ಇರಲಿ, ಅದನ್ನು ನೀವು ಆರಿಸಿ. ಹತ್ತಿರದ ದಾರಿಗಿಂತ ಕಡಿಮೆ ಸರ್ಕಲ್ ಇರುವ ದಾರಿ. ಶಾಲೆ ಸಮಯಕ್ಕೇ ಆ ದಾರಿಯಲ್ಲಿ ಜೊತೆಯಾಗಿ ಹತ್ತು ಸಲ ಹೋಗಿ. ಭಾನುವಾರದ ರೋಡೇ ಬೇರೆ, ಸೋಮವಾರ ಒಂಬತ್ತು ಗಂಟೆಯ ರೋಡೇ ಬೇರೆ. ನಿಮ್ಮ ಫೋನ್ ನಂಬರ್ ಬಾಯಿಪಾಠ ಇರಲಿ, ಚೀಟಿಯಲ್ಲೂ ಬರೆದು ಬ್ಯಾಗಿನಲ್ಲಿಡಿ. 108, 112 ಗೊತ್ತಿರಲಿ. ಬಿದ್ದು ತಲೆಗೆ ಪೆಟ್ಟಾದ ಹೆಲ್ಮೆಟ್ ಮತ್ತೆ ಹಾಕಬಾರದು, ಹೊರಗೆ ಬಿರುಕು ಕಾಣದಿದ್ದರೂ.

ಜೂನ್ ಮೊದಲ ವಾರ ಮಗಳನ್ನು ಕಳಿಸಿ ನಾನು ಬೈಕಿನಲ್ಲಿ ಕದ್ದು ಹಿಂದೆ ಹೋದೆ. ನೂರು ಹೆಜ್ಜೆ ದೂರ, ಒಂದು ಹಣ್ಣಿನ ಬಂಡಿಯ ಮರೆಯಲ್ಲಿ ನಿಧಾನಕ್ಕೆ. ಬಂಡಿ ದಾಟುತ್ತಿದ್ದ ಹಾಗೆ ಮುಂದೆ ನಿಂತಿದ್ದ ಆಟೋ ಸುತ್ತಿ ಹೋಗಲು ಅವಳು ಬಲ ಹೆಗಲ ಮೇಲಿಂದ ಹಿಂದೆ ನೋಡಿದಳು. ಸೈಕಲ್ ಅಲುಗಲಿಲ್ಲ. ನನ್ನನ್ನು ಕಂಡಳು. ಆಟೋ ದಾಟಿ, ಎಡಕ್ಕೆ ಬಂದು, ಮತ್ತೆ ನೋಡದೆ ಕೈ ಎತ್ತಿ ಮೂರು ಬೆರಳು ತೋರಿಸಿದಳು.

ಮರುದಿನದಿಂದ ಹಿಂದೆ ಹೋಗುವುದು ಬಿಟ್ಟೆ. ಭಾನುವಾರಕ್ಕೊಮ್ಮೆ ಬ್ರೇಕ್ ರಬ್ಬರ್, ಗಾಳಿ ಮಾತ್ರ ಇನ್ನೂ ನಾನೇ ನೋಡುತ್ತೇನೆ.